ಲಿಂಬೆ ಹೆಚ್ಚೋ, ಬೇಳೆ ಹೆಚ್ಚೋ?

ಇಂಡಿ ಎಂದೊಡನೆ ನೆನಪಾಗುವುದು ಲಿಂಬೆ. ತೆಳು ಸಿಪ್ಪೆಯ, ರಸ ತುಂಬಿದ ಇಲ್ಲಿನ ಕಾಗಜಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 2025ರಲ್ಲಿ ಅದು ಸಂಯುಕ್ತ ಅರಬ್ ಸಂಸ್ಥಾನಕ್ಕೂ ರಫ್ತಾಯಿತು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದೂ ಇಂಡಿಯಲ್ಲೇ. ನೆರೆಯ ಸಿಂದಗಿಯ ಕಡೆಯೂ ಲಿಂಬೆ ತೋಟಗಳಿವೆ. ಅಲ್ಲಿಂದ ದಕ್ಷಿಣಕ್ಕೆ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳತ್ತ ಬಂದರೆ ಡೋಣಿ ನದಿಯ ಎರೆಮಣ್ಣಿನ ಹೊಲಗಳು. 'ಡೋಣಿ ಹರಿದರೆ ಓಣಿಯೆಲ್ಲ ಜೋಳ' ಎಂಬುದು ಈ ಸೀಮೆಯ ಹಳೆಯ ಮಾತು. ಜೋಳದ ಜೊತೆಗೆ ಇಲ್ಲಿ ತೊಗರಿ ಇದೆ, ಹಿಂಗಾರಿನಲ್ಲಿ ಕಡಲೆ ಇದೆ, ಹೆಸರು, ಮಡಿಕೆ, ಹುರುಳಿಗಳಿವೆ.

ಹೀಗೆ ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಹುಳಿಹಣ್ಣು, ಇನ್ನೊಂದು ಕಡೆ ದ್ವಿದಳ ಧಾನ್ಯ. ಇವೆರಡರಲ್ಲಿ ಯಾವುದು ಹೆಚ್ಚು ಪೌಷ್ಟಿಕ ಎಂಬ ಪ್ರಶ್ನೆ ಮಕ್ಕಳ ಮನಸ್ಸಿನಲ್ಲಿ ಏಳುವುದು ಸಹಜ. ಶಾಲೆಯ ಪುಸ್ತಕ ಬೇಳೆಯನ್ನು 'ದೇಹ ಬೆಳೆಸುವ ಆಹಾರ' ಎಂದೂ, ಹಣ್ಣನ್ನು 'ರಕ್ಷಣೆ ನೀಡುವ ಆಹಾರ' ಎಂದೂ ಎರಡು ಬೇರೆ ಬೇರೆ ಸಾಲುಗಳಲ್ಲಿ ಬರೆದು ಬಿಡುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಊಟದ ತಟ್ಟೆಗೆ ಸಾಲದು. ತಟ್ಟೆಯಲ್ಲಿ ಈ ಎರಡೂ ಒಂದಾದಾಗ ನಡೆಯುವ ಕೆಲಸ, ಬೇರೆ ಬೇರೆಯಾಗಿದ್ದಾಗ ನಡೆಯುವುದಿಲ್ಲ.

ಇದು ಬರೀ ಕುತೂಹಲದ ಮಾತಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ನೂರಕ್ಕೆ 65ನ್ನು ಮೀರುತ್ತದೆ. ರಕ್ತಹೀನತೆಗೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು ಕಬ್ಬಿಣದ ಕೊರತೆ. ತೊಗರಿ, ಕಡಲೆ, ಜೋಳ ಬೆಳೆಯುವ ಸೀಮೆಯಲ್ಲಿ ಕಬ್ಬಿಣ ಏಕೆ ಸಾಲದಾಗುತ್ತದೆ? ಹೋಲಿಕೆಯನ್ನು ಸರಿಯಾಗಿ ಮಾಡಿದರೆ ಇದಕ್ಕೆ ಅರ್ಧ ಉತ್ತರ ಸಿಗುತ್ತದೆ.

ಅಂಕಿಗಳ ಹೋಲಿಕೆ

ಭಾರತೀಯ ಆಹಾರಗಳ ಪೋಷಕಾಂಶಗಳನ್ನು ಅಳೆದು ಪಟ್ಟಿ ಮಾಡುವ ಕೆಲಸ ತಮಿಳುನಾಡಿನ ಕೂನೂರಿನ ಪ್ರಯೋಗಾಲಯದಲ್ಲಿ ಆರಂಭವಾಯಿತು. ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಇಂಥ ಪಟ್ಟಿಗಳ ಅಂಕಿಗಳನ್ನು ಸ್ಥೂಲವಾಗಿ ಹೀಗೆ ಹೇಳಬಹುದು.

ಪ್ರತಿ 100 ಗ್ರಾಂನಲ್ಲಿ:

ಲಿಂಬೆ – ನೀರು ಸುಮಾರು 85 ಗ್ರಾಂ. ಪ್ರೋಟೀನು 1ರಿಂದ 1.5 ಗ್ರಾಂ, ಕಬ್ಬಿಣ ಅರ್ಧ ಮಿಲಿಗ್ರಾಂಗೂ ಕಡಿಮೆ, ಸಿ ಜೀವಸತ್ವ 30ರಿಂದ 60 ಮಿಲಿಗ್ರಾಂ.

ತೊಗರಿಬೇಳೆ – ನೀರು 10ರಿಂದ 13 ಗ್ರಾಂ. ಪ್ರೋಟೀನು ಸುಮಾರು 22 ಗ್ರಾಂ. ಕಬ್ಬಿಣ 3ರಿಂದ 4 ಮಿಲಿಗ್ರಾಂ. ಸಿ ಜೀವಸತ್ವ ಇಲ್ಲವೆನ್ನುವಷ್ಟು.

ಇಡಿಯ ಕಡಲೆ – ಪ್ರೋಟೀನು 17ರಿಂದ 19 ಗ್ರಾಂ. ಕಬ್ಬಿಣ 5ರಿಂದ 7 ಮಿಲಿಗ್ರಾಂ. ಸಿ ಜೀವಸತ್ವ ಅತ್ಯಲ್ಪ.

ಹುರುಳಿ – ಪ್ರೋಟೀನು ಸುಮಾರು 22 ಗ್ರಾಂ, ಕಬ್ಬಿಣ 6ರಿಂದ 9 ಮಿಲಿಗ್ರಾಂ, ಸುಣ್ಣದಂಶವೂ ಹೇರಳ.

ಮೇಲ್ನೋಟಕ್ಕೆ ಬೇಳೆಯದೇ ಗೆಲುವು. ಶಕ್ತಿ, ಪ್ರೋಟೀನು, ಕಬ್ಬಿಣ ಮೂರರಲ್ಲೂ ಅದು ಬಹಳ ಮುಂದು. ಆದರೆ ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಬೇಳೆಯ ಅಂಕಿಗಳು ಒಣ ಕಾಳಿನವು. ಲಿಂಬೆಯ ಅಂಕಿಗಳು ನೀರು ತುಂಬಿದ ತಾಜಾ ಹಣ್ಣಿನವು. 100 ಗ್ರಾಂ ಬೇಳೆ ಬೆಂದಾಗ ನೀರು ಕುಡಿದು ಎರಡೂವರೆ, ಮೂರು ಪಟ್ಟು ತೂಗುತ್ತದೆ. ಆಗ ಬೇಯಿಸಿದ 100 ಗ್ರಾಂ ಬೇಳೆಯಲ್ಲಿ ಉಳಿಯುವ ಪ್ರೋಟೀನು 7-8 ಗ್ರಾಂ ಮಾತ್ರ.

ಇನ್ನೊಂದು ಮಾತು. ಯಾರೂ 100 ಗ್ರಾಂ ಲಿಂಬೆಯನ್ನು ಕುಳಿತು ತಿನ್ನುವುದಿಲ್ಲ. 40 ಗ್ರಾಂ ತೂಗುವ ಒಂದು ಹಣ್ಣಿನಿಂದ 20 ಮಿಲಿಲೀಟರ್‌ನಷ್ಟು ರಸ ಬರಬಹುದು. ಅದರಲ್ಲಿರುವ ಸಿ ಜೀವಸತ್ವ 6ರಿಂದ 12 ಮಿಲಿಗ್ರಾಂ. ಆದ್ದರಿಂದ ಆಹಾರಗಳನ್ನು ಹೋಲಿಸುವಾಗ ಸಮ ತೂಕವನ್ನು ಮಾತ್ರ ನೋಡಿದರೆ ಸಾಲದು. ಒಂದು ಊಟದಲ್ಲಿ ನಿಜವಾಗಿ ಎಷ್ಟು ಹೊಟ್ಟೆಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು.

ತರಕಾರಿ ಅಂಗಡಿಯ ಹಸಿರು ಬೀನ್ಸ್ ಕೂಡ ಇದೇ ದ್ವಿದಳ ಕುಟುಂಬದ್ದೇ. ಆದರೆ ಅದರಲ್ಲಿ ನೂರಕ್ಕೆ 90ರಷ್ಟು ನೀರು. ಪ್ರೋಟೀನು 2 ಗ್ರಾಂ ಮುಟ್ಟುವುದಿಲ್ಲ. ಅದನ್ನು ತರಕಾರಿ ಎಂದೇ ಎಣಿಸಬೇಕು. ಅದು ಕಾಳಿಗೆ ಬದಲಿಯಾಗಲಾರದು.

ಕಾಳಿನ ಕಬ್ಬಿಣ ರಕ್ತಕ್ಕೆ ಸೇರುವುದೆಷ್ಟು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕು. 16ರಿಂದ 18ರ ವಯಸ್ಸಿಗೆ ಇದು 32 ಮಿಲಿಗ್ರಾಂ. ವಯಸ್ಕ ಗಂಡಸಿಗೆ 19 ಸಾಕು. ಬೆಳವಣಿಗೆಯ ಜೊತೆಗೆ ಮಾಸಿಕ ಸ್ರಾವವೂ ಆರಂಭವಾಗುವುದರಿಂದ ಹುಡುಗಿಯರಿಗೆ ಈ ಹೆಚ್ಚಿನ ಅಗತ್ಯ.

ಈಗ ಹಳ್ಳಿಯ ಒಂದು ಸಾಮಾನ್ಯ ಊಟದ ಲೆಕ್ಕ ಹಾಕಬಹುದು. 150 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಿಂದ ಸುಮಾರು 6 ಮಿಲಿಗ್ರಾಂ, 50 ಗ್ರಾಂ ತೊಗರಿಬೇಳೆಯಿಂದ ಒಂದೂವರೆ, ಎರಡು ಮಿಲಿಗ್ರಾಂ ಕಬ್ಬಿಣ ಬಂದೀತು. ಇಂಥ ಎರಡು ಊಟ ಉಂಡರೂ ದಿನಕ್ಕೆ ಬೇಕಾದ 30 ತಲುಪುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ತಿಂದ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಕಾಳು, ಧಾನ್ಯಗಳ ಊಟದಲ್ಲಿರುವ ಕಬ್ಬಿಣದಲ್ಲಿ ದೇಹ ಹೀರಿಕೊಳ್ಳುವುದು ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಪಾಲು ಮಾತ್ರ. ಉಳಿದದ್ದು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಕಾರಣ, ಕಾಳು ತನ್ನ ಮುಂದಿನ ಮೊಳಕೆಗಾಗಿ ರಂಜಕವನ್ನು ಕೂಡಿಟ್ಟುಕೊಳ್ಳುವ ಫೈಟಿಕ್ ಆಮ್ಲ. ಅದು ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಕರುಳಿಗೆ ದಕ್ಕದಂತೆ ಮಾಡುತ್ತದೆ. ಮನೆಯಲ್ಲಿ ಕಣಜ ತುಂಬಿದ್ದರೂ ಬೀಗದ ಕೈ ಇಲ್ಲದ ಸ್ಥಿತಿ ಇದು.

ಬೀಗ ತೆರೆಯುವ ಹುಳಿ

ಆ ಬೀಗದ ಕೈ ಇರುವುದು ಲಿಂಬೆಯಲ್ಲಿ. ಬಿಳಿ ಬಟ್ಟೆಯ ಮೇಲೆ ತುಕ್ಕಿನ ಕಲೆ ಬಿದ್ದಾಗ ಅದರ ಮೇಲೆ ಲಿಂಬೆರಸ, ಉಪ್ಪು ಹಾಕಿ ಬಿಸಿಲಿಗಿಡುವುದು ಹಳೆಯ ಕಾಲದಿಂದ ಬಂದ ಉಪಾಯ. ತುಕ್ಕು ಎಂದರೆ ನೀರಿನಲ್ಲಿ ಕರಗದ ಕಬ್ಬಿಣದ ರೂಪ. ಲಿಂಬೆಯ ಸಿಟ್ರಿಕ್ ಆಮ್ಲ ಆ ಕಬ್ಬಿಣವನ್ನು ಹಿಡಿದು ಕರಗಿಸುತ್ತದೆ; ಕಲೆ ಮಾಯವಾಗುತ್ತದೆ. ಹೆಚ್ಚು ಕಡಿಮೆ ಇದೇ ರಸಾಯನ ಕ್ರಿಯೆ ಹೊಟ್ಟೆಯಲ್ಲೂ ನಡೆಯುತ್ತದೆ.

ಸಸ್ಯಾಹಾರದ ಕಬ್ಬಿಣ ಬಹುಪಾಲು ಫೆರಿಕ್ ರೂಪದಲ್ಲಿರುತ್ತದೆ. ಕರುಳಿನ ಜೀವಕೋಶಗಳು ಒಳಗೆ ಬಿಟ್ಟುಕೊಳ್ಳುವುದು ಫೆರಸ್ ರೂಪವನ್ನು. ಸಿ ಜೀವಸತ್ವ ಒಂದು ಎಲೆಕ್ಟ್ರಾನನ್ನು ಕೊಟ್ಟು ಫೆರಿಕ್ ಕಬ್ಬಿಣವನ್ನು ಫೆರಸ್ ಆಗಿ ಬದಲಿಸುತ್ತದೆ. ಅಷ್ಟೇ ಅಲ್ಲ, ಜಠರವನ್ನು ದಾಟಿ ಆಮ್ಲತೆ ಇಳಿಯುವ ಸಣ್ಣ ಕರುಳಿಗೆ ಬಂದಾಗಲೂ ಕಬ್ಬಿಣ ಮತ್ತೆ ಗಟ್ಟಿಯಾಗದಂತೆ ಕರಗಿದ ಸ್ಥಿತಿಯಲ್ಲಿ ಇಡುತ್ತದೆ. ಹೀಗಾಗಿ ಫೈಟಿಕ್ ಆಮ್ಲದ ಹಿಡಿತ ಸಡಿಲವಾಗುತ್ತದೆ. ಒಂದೇ ಊಟದಲ್ಲಿ ಸಾಕಷ್ಟು ಸಿ ಜೀವಸತ್ವ ಇದ್ದರೆ ಕಬ್ಬಿಣದ ಹೀರಿಕೆ ಎರಡು, ಮೂರು ಪಟ್ಟು ಹೆಚ್ಚಬಹುದೆಂದು ಪ್ರಯೋಗಗಳು ತೋರಿಸಿವೆ.

ಇಲ್ಲಿ ಮೂರು ಎಚ್ಚರಿಕೆಗಳು ಬೇಕು. ಮೊದಲನೆಯದು, ಇವೆರಡೂ ಒಂದೇ ಹೊತ್ತಿನಲ್ಲಿ ಹೊಟ್ಟೆಯಲ್ಲಿರಬೇಕು. ಬೆಳಿಗ್ಗೆ ಶರಬತ್ತು ಕುಡಿದು ಮಧ್ಯಾಹ್ನ ಬೇಳೆ ಉಂಡರೆ ಈ ಲಾಭವಿಲ್ಲ. ಎರಡನೆಯದು, 'ಸಾಕಷ್ಟು' ಎಂದರೆ 25ರಿಂದ 50 ಮಿಲಿಗ್ರಾಂ. ಮೇಲಿನ ಲೆಕ್ಕದಂತೆ ಒಂದು ಲಿಂಬೆಯಿಂದ ಅಷ್ಟು ಬಾರದು. ಆದ್ದರಿಂದ ಲಿಂಬೆಯ ಜೊತೆಗೆ ಒಂದು ಪೇರಲ ಹಣ್ಣೋ, ಹಸಿ ಕೊತ್ತಂಬರಿಯೋ, ಮೊಸಂಬಿಯೋ ಇದ್ದರೆ ಲೆಕ್ಕ ತುಂಬುತ್ತದೆ. ಹುಳಿ ಹೆಚ್ಚಿದ್ದರೆ ಸಿ ಜೀವಸತ್ವವೂ ಹೆಚ್ಚು ಎಂಬುದು ತಪ್ಪು ತಿಳಿವಳಿಕೆ. ಹುಳಿಯೇ ಇಲ್ಲದ ಪೇರಲ 100 ಗ್ರಾಂಗೆ 200 ಮಿಲಿಗ್ರಾಂನಷ್ಟು ಕೊಟ್ಟು ಲಿಂಬೆಯನ್ನು ಬಹಳ ಹಿಂದೆ ಹಾಕುತ್ತದೆ. ಮೂರನೆಯದು, ಒಂದು ಊಟದಲ್ಲಿ ಕಾಣುವ ಲಾಭ ತಿಂಗಳುಗಟ್ಟಲೆಯ ಮಿಶ್ರ ಆಹಾರದಲ್ಲಿ ಅಷ್ಟೇ ದೊಡ್ಡದಾಗಿ ಕಾಣುವುದಿಲ್ಲ. ಲಿಂಬೆ ಸಹಾಯಕ ಮಾತ್ರ, ಔಷಧವಲ್ಲ.

ಹಡಗಿನಿಂದ ಬಂದ ಪಾಠ

ಸಿ ಜೀವಸತ್ವದ ಕಥೆಯೇ ಹುಳಿಹಣ್ಣಿನ ಕಥೆ. ತಿಂಗಳುಗಟ್ಟಲೆ ಸಮುದ್ರದಲ್ಲಿರುತ್ತಿದ್ದ ನಾವಿಕರು ಸ್ಕರ್ವಿ ರೋಗಕ್ಕೆ ತುತ್ತಾಗುತ್ತಿದ್ದರು. ಒಸಡಿನಿಂದ ರಕ್ತ, ಕೀಲುಗಳಲ್ಲಿ ನೋವು, ಕೊನೆಗೆ ಸಾವು. 1747ರಲ್ಲಿ 'ಸಾಲಿಸ್‌ಬರಿ' ಎಂಬ ಬ್ರಿಟಿಷ್ ಯುದ್ಧನೌಕೆಯಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ 12 ರೋಗಿಗಳನ್ನು ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಔಷಧ ಕೊಟ್ಟ. ಕಿತ್ತಳೆ ಮತ್ತು ದೊಡ್ಡ ಜಾತಿಯ ನಿಂಬೆ ತಿಂದ ಇಬ್ಬರು ಮಾತ್ರ ಬೇಗನೆ ಚೇತರಿಸಿಕೊಂಡರು. ಉಳಿದುದೆಲ್ಲ ಒಂದೇ ಇಟ್ಟು, ಒಂದನ್ನು ಮಾತ್ರ ಬದಲಿಸಿ ನೋಡುವ ಇಂದಿನ ಪ್ರಯೋಗ ವಿಧಾನಕ್ಕೆ ಇದು ಒಳ್ಳೆಯ ಹಳೆಯ ಉದಾಹರಣೆ. ಆದರೂ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಎಲ್ಲ ನಾವಿಕರಿಗೂ ಕೊಡಲು ಒಪ್ಪಿದ್ದು 1795ರಲ್ಲಿ.

ಮುಂದೆ ನೌಕಾಪಡೆ ಈ ದೊಡ್ಡ ನಿಂಬೆಯ ಬದಲು ವೆಸ್ಟ್ ಇಂಡೀಸಿನ ಸಣ್ಣ ಲಿಂಬೆಯ ರಸವನ್ನು ತರಿಸತೊಡಗಿತು. ಅದನ್ನು ನೆಚ್ಚಿಕೊಂಡು 1875-76ರಲ್ಲಿ ಉತ್ತರ ಧ್ರುವದತ್ತ ಹೊರಟ ತಂಡದಲ್ಲಿ ಸ್ಕರ್ವಿ ಮತ್ತೆ ಕಾಣಿಸಿತು! ಬಹುಕಾಲ ಕೂಡಿಟ್ಟು, ತಾಮ್ರದ ಕೊಳವೆಗಳಲ್ಲಿ ಹಾಯಿಸಿದ ರಸ ಸತ್ವ ಕಳೆದುಕೊಂಡಿತ್ತು. ಜೊತೆಗೆ ಸಣ್ಣ ಲಿಂಬೆಯಲ್ಲಿ ಆ ಸತ್ವ ಮೊದಲೇ ಕಡಿಮೆ. ಗಾಳಿ, ಬಿಸಿ, ತಾಮ್ರ ಈ ಮೂರೂ ಸಿ ಜೀವಸತ್ವದ ಶತ್ರುಗಳು ಎಂಬುದು ಇದರ ಪಾಠ. ಹಂಗೇರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಈ ವಸ್ತುವನ್ನು 1928ರಲ್ಲಿ ಬೇರ್ಪಡಿಸಿದ. 1937ರಲ್ಲಿ ನೊಬೆಲ್ ಬಹುಮಾನ ಪಡೆದ.

ಕಾಳೇ ಹಣ್ಣಾಗುವ ಬಗೆ

ಬೇಳೆಯ ಕಡೆಗೂ ಇಂಥದೇ ಒಂದು ಕಥೆಯಿದೆ. ಮೊದಲ ಮಹಾಯುದ್ಧದಲ್ಲಿ, 1915ರ ಡಿಸೆಂಬರಿನಿಂದ 1916ರ ಏಪ್ರಿಲ್‌ವರೆಗೆ, ಈಗಿನ ಇರಾಕಿನ ಕುಟ್ ಪಟ್ಟಣದಲ್ಲಿ ಸಿಕ್ಕಿಬಿದ್ದ ಭಾರತೀಯ ಸೈನಿಕರು ತಾಜಾ ಹಣ್ಣು, ತರಕಾರಿ ಇಲ್ಲದೆ ಸ್ಕರ್ವಿಯಿಂದ ನರಳಿದರು. ಅದೇ ವರ್ಷಗಳಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಪ್ರಯೋಗ ನಡೆಸಿ, ಒಣ ಕಾಳಿನಲ್ಲಿ ಇಲ್ಲದ ಸ್ಕರ್ವಿ ನಿವಾರಕ ಗುಣ ಅದೇ ಕಾಳು ಮೊಳಕೆಯೊಡೆದಾಗ ಹುಟ್ಟುತ್ತದೆಂದು ತೋರಿಸಿಕೊಟ್ಟರು.

ನೀರು ತಾಗಿದೊಡನೆ ಕಾಳಿನೊಳಗಿನ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಎರಡು ದಿನದಲ್ಲಿ ಸಿ ಜೀವಸತ್ವ ತಯಾರಾಗುತ್ತದೆ. ಮೊಳೆತ ಹೆಸರುಕಾಳಿನಲ್ಲಿ 100 ಗ್ರಾಂಗೆ ಸುಮಾರು 13 ಮಿಲಿಗ್ರಾಂ ಇರುತ್ತದೆ. ಇದೇ ಹೊತ್ತಿಗೆ ಫೈಟಿಕ್ ಆಮ್ಲವೂ ಒಡೆದು ಕಡಿಮೆಯಾಗುತ್ತದೆ. ಅಂದರೆ ಮೊಳಕೆ ಬಂದ ಮಡಿಕೆ, ಹೆಸರು ಕಾಳುಗಳಲ್ಲಿ ಬೀಗವೂ ಸಡಿಲ, ಕೀಲಿಕೈಯೂ ಸಿದ್ಧ. ಮೊಳಕೆ ಕಾಳಿನ ಉಸುಳಿಯ ಮೇಲೆ, ನೆನೆಸಿದ ಹೆಸರುಬೇಳೆಯ ಕೋಸಂಬರಿಯ ಮೇಲೆ ಲಿಂಬೆ ಹಿಂಡುವ ರೂಢಿ ರುಚಿಗಾಗಿಯೇ ಬಂದದ್ದಿರಬಹುದು. ಆದರೆ ವಿಜ್ಞಾನ ಅದನ್ನು ಮೆಚ್ಚುತ್ತದೆ.

ಬೇಳೆಯಿಂದ ಮಾತ್ರ ಆಗುವ ಕೆಲಸಗಳು

ಲಿಂಬೆ ಎಷ್ಟೇ ಉಪಕಾರಿಯಾದರೂ ಮಾಡಲಾರದ ಕೆಲಸಗಳಿವೆ. ಒಂದು, ಪ್ರೋಟೀನು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಜೋಳದಿಂದ ಬರುತ್ತದೆ. ರೊಟ್ಟಿಯ ಜೊತೆ ಬೇಳೆಯೋ ಜುಣಕವೋ ಇದ್ದರೆ ಒಂದರ ಕೊರತೆ ಇನ್ನೊಂದರಿಂದ ತುಂಬುತ್ತದೆ. ರೊಟ್ಟಿಯ ಜೊತೆ ಬರೀ ಉಪ್ಪಿನಕಾಯಿ ಇದ್ದರೆ ತುಂಬುವುದಿಲ್ಲ. ಶಾಲೆಯ ಬಿಸಿಯೂಟದ ನಿಯಮದಲ್ಲಿ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 20 ಗ್ರಾಂ, ಹಿರಿಯ ಪ್ರಾಥಮಿಕಕ್ಕೆ 30 ಗ್ರಾಂ ಬೇಳೆ ಎಂದು ಗೊತ್ತುಪಡಿಸಿರುವುದು ಇದಕ್ಕಾಗಿಯೇ.

ಎರಡನೆಯದು ಫೋಲಿಕ್ ಆಮ್ಲ. ಇಂಗ್ಲೆಂಡಿನ ಲೂಸಿ ವಿಲ್ಸ್ ಎಂಬ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದಳು. ಅದು ಕಬ್ಬಿಣದಿಂದ ವಾಸಿಯಾಗುವ ಬಗೆಯದಾಗಿರಲಿಲ್ಲ. ಯೀಸ್ಟಿನ ಸಾರ ಕೊಟ್ಟಾಗ ಗುಣವಾಯಿತು. ಆ ಸಾರದಲ್ಲಿದ್ದ ವಸ್ತುವೇ ಫೋಲಿಕ್ ಆಮ್ಲವೆಂದು ಆಮೇಲೆ ತಿಳಿಯಿತು. ಕಡಲೆ, ತೊಗರಿ, ಹೆಸರುಗಳು ಇದರ ಒಳ್ಳೆಯ ಆಕರಗಳು. ಇದು ನೀರಿನಲ್ಲಿ ಕರಗುವುದರಿಂದ ಬೇಳೆ ಬೇಯಿಸಿದ ನೀರನ್ನು ಚೆಲ್ಲಬಾರದು. ಹೋಳಿಗೆಗೆ ಬೇಯಿಸಿದ ಕಡಲೆಬೇಳೆಯ ಕಟ್ಟಿನಿಂದ ಸಾರು ಮಾಡುವ ಪದ್ಧತಿ ಈ ದೃಷ್ಟಿಯಿಂದಲೂ ಸರಿಯಾದುದೇ.

ಇಬ್ಬರೂ ಕೊಡಲಾರದ್ದೂ ಒಂದಿದೆ: ಬಿ-12 ಜೀವಸತ್ವ. ರಕ್ತಕ್ಕೆ ಅದೂ ಬೇಕು. ಸಸ್ಯಾಹಾರಿಗಳಿಗೆ ಅದು ದೊರೆಯುವುದು ಹಾಲು, ಮೊಸರು, ಮಜ್ಜಿಗೆಗಳಿಂದ.

ಊಟದ ಬೆನ್ನಿಗೆ ಚಹಾ

ಒಂದು ಕಡೆ ಲಿಂಬೆ ಬೀಗ ತೆರೆಯುತ್ತಿದ್ದರೆ ಇನ್ನೊಂದು ಕಡೆ ಅದನ್ನು ಮತ್ತೆ ಹಾಕುವ ಅಭ್ಯಾಸವೊಂದು ಮನೆಮನೆಯಲ್ಲಿದೆ. ಅದು ಊಟದ ಬೆನ್ನಿಗೇ ಚಹಾ ಕುಡಿಯುವುದು. ಚಹಾದ ಒಗರಿನ ಅಂಶವಾದ ಟ್ಯಾನಿನ್ ಕಬ್ಬಿಣದೊಡನೆ ಸೇರಿ ದೇಹ ಹೀರಲಾರದ ಕಪ್ಪು ವಸ್ತುವಾಗುತ್ತದೆ. ಹಿಂದಿನ ಕಾಲದ ಬರೆಯುವ ಮಸಿ ತಯಾರಾಗುತ್ತಿದ್ದುದು ಇದೇ ರೀತಿಯಲ್ಲಿ. ಊಟದೊಂದಿಗೆ ಕುಡಿದ ಒಂದು ಬಟ್ಟಲು ಚಹಾ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಬಲ್ಲದು. ಚಹಾ ಬಿಡಬೇಕೆಂದಿಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸು ಬಿಟ್ಟರೆ ಸಾಕು. ಬೆಳೆಯುವ ಮಕ್ಕಳಿಗೆ ಅದೂ ಬೇಡ.

ಮನೆಯಲ್ಲೇ ಒಂದು ಪ್ರಯೋಗ

ಸಿ ಜೀವಸತ್ವವನ್ನು ಕಣ್ಣಿಗೆ ಕಾಣಿಸುವ ಸುಲಭ ಪ್ರಯೋಗವನ್ನು ಹಿರಿಯರ ಸಮ್ಮುಖದಲ್ಲಿ ವಿದ್ಯಾರ್ಥಿಗಳು ಮಾಡಬಹುದು. ಎರಡು ಗಾಜಿನ ಲೋಟಗಳಲ್ಲಿ ಸಮ ಪ್ರಮಾಣದ ತಿಳಿಗಂಜಿ ನೀರು ಹಾಕಿ, ಎರಡಕ್ಕೂ ಎರಡೆರಡು ಹನಿ ಅಯೊಡಿನ್ ದ್ರಾವಣ ಬೆರೆಸಬೇಕು. ನೀರು ನೀಲಿಯಾಗುತ್ತದೆ. ಒಂದಕ್ಕೆ ಆಗತಾನೆ ಹಿಂಡಿದ ಲಿಂಬೆರಸವನ್ನು ಹನಿಹನಿಯಾಗಿ ಹಾಕುತ್ತ, ನೀಲಿ ಬಣ್ಣ ಹೋಗುವವರೆಗೆ ಹನಿಗಳನ್ನು ಎಣಿಸಬೇಕು. ಇನ್ನೊಂದಕ್ಕೆ ಇಡೀ ದಿನ ತೆರೆದ ತಾಮ್ರದ ಬಟ್ಟಲಲ್ಲಿಟ್ಟ ರಸವನ್ನು ಹಾಕಬೇಕು. ರಸ ಒಣಗಿ ಇಂಗಿದ್ದರೆ ನೀರು ಸೇರಿಸಿ ಮೊದಲಿನ ಅಳತೆಗೆ ತರಬೇಕು. ಎರಡನೆಯದಕ್ಕೆ ಹೆಚ್ಚು ಹನಿ ಬೇಕಾದರೆ ಸತ್ವ ಕಳೆದಿದೆ ಎಂದರ್ಥ. ಪ್ರಯೋಗ ಮುಗಿದ ಮೇಲೆ ಎಲ್ಲವನ್ನೂ ಚೆಲ್ಲಬೇಕು, ಯಾವುದನ್ನೂ ಕುಡಿಯಬಾರದು.

ಪಾಲಕರ ಗಮನಕ್ಕೆ

ಕುದಿಯುವ ಸಾರಿಗೆ ಲಿಂಬೆ ಹಿಂಡುವುದಕ್ಕಿಂತ ಉಣ್ಣುವ ಹೊತ್ತಿಗೆ ತಟ್ಟೆಯಲ್ಲೇ ಹಿಂಡಿಕೊಳ್ಳುವುದು ಲೇಸು. ಹೆಚ್ಚಿದ ಹಣ್ಣನ್ನು, ಹಿಂಡಿದ ರಸವನ್ನು ಬಹಳ ಹೊತ್ತು ಇಡಬಾರದು. ವರ್ಷಗಟ್ಟಲೆ ಇಟ್ಟ ಉಪ್ಪಿನಕಾಯಿ ರುಚಿ ಕೊಡುತ್ತದೆ. ಸಿ ಜೀವಸತ್ವವನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ಕಾಳುಗಳನ್ನು ರಾತ್ರಿ ನೆನೆಸಿ, ವಾರಕ್ಕೆರಡು ಸಲವಾದರೂ ಮೊಳಕೆ ಬರಿಸಿ ಬಳಸುವುದು ಖರ್ಚಿಲ್ಲದ ಉಪಾಯ. ಹೊಟ್ಟೆಹುಣ್ಣು, ಎದೆಯುರಿ ಇರುವವರು ಹುಳಿಯ ವಿಷಯದಲ್ಲಿ ವೈದ್ಯರನ್ನು ಕೇಳುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಮನೆಯ ಹೆಣ್ಣುಮಕ್ಕಳದು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕೂರುವವರ ತಟ್ಟೆಗೆ ಬೇಳೆ ತಳ ಮುಟ್ಟಿ, ನೀರಷ್ಟೇ ಉಳಿದಿರುತ್ತದೆ. ಹೆಚ್ಚು ಕಬ್ಬಿಣ ಬೇಕಾದವರಿಗೇ ಕಡಿಮೆ ಸಿಗುವ ಈ ಕ್ರಮವನ್ನು ಯಾವ ಹಣ್ಣೂ ಸರಿಪಡಿಸಲಾರದು, ಮನೆಯವರೇ ಸರಿಪಡಿಸಬೇಕು. ಹುಡುಗಿ ಬೇಗ ದಣಿಯುತ್ತಿದ್ದರೆ, ಮೆಟ್ಟಿಲೇರಿದಾಗ ಏದುಸಿರು ಬಿಟ್ಟರೆ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ, ಮಣ್ಣು ಅಥವಾ ಬಳಪ ತಿನ್ನುವ ಚಪಲವಿದ್ದರೆ ಸೋಮಾರಿತನವೆಂದು ಗದರುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಹದಿಹರೆಯದ ಹುಡುಗಿಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಊಟವಾದ ಮೇಲೆ, ಚಹಾ ಇಲ್ಲದೆ, ತಪ್ಪದೆ ನುಂಗುವಂತೆ ಪಾಲಕರು ನೋಡಿಕೊಳ್ಳಬೇಕು.

ಹಾಗಾದರೆ ಲಿಂಬೆ ಹೆಚ್ಚೋ, ಬೇಳೆ ಹೆಚ್ಚೋ? ಒಂದನ್ನೇ ಆರಿಸಲೇಬೇಕೆಂದರೆ ಹೊಟ್ಟೆ ತುಂಬಿಸುವ, ಮೈ ಬೆಳೆಸುವ ಬೇಳೆಯೇ ಹೆಚ್ಚು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಗಳಿಗೆ ಆ ಆಯ್ಕೆಯ ಕಷ್ಟವೇ ಇಲ್ಲ. ಎರಡೂ ತಮ್ಮ ಹೊಲದಲ್ಲೇ ಇವೆ. ಸಂತೆಯಲ್ಲಿ ಅಕ್ಕಪಕ್ಕದಲ್ಲೇ ಸಿಗುತ್ತವೆ. ಅವು ಮಗಳ ತಟ್ಟೆಯಲ್ಲೂ ಒಂದೇ ಹೊತ್ತಿಗೆ ಬಂದು ಸೇರಬೇಕು, ಅಷ್ಟೆ.